ವೈಲೆಟ್ ಬರೆದ ಕಾಗದವನ್ನು ಕನ್ನಡಕ್ಕೆ ತರುವುದು ಹೇಗೆ? (ಅಮೆರಿಕದ ಗುಲಾಮಗಿರಿ ಕಾಲದ ಮನೆತನದ ಪತ್ರಗಳು)

ಕಾಗದಪ್ರಿಯೆ (ಕ್ಯಾರಿ, ನಾರ್ತ್ ಕ್ಯಾರೊಲೈನಾ)

ನಮಸ್ಕಾರ ಎಲ್ಲರಿಗೂ. ಒಂದು ಕಾಗದ ಹಿಡಿದುಕೊಂಡು ಮೂರು ವಾರ ಆಯಿತು, ಮುಂದೆ ಹೋಗುತ್ತಿಲ್ಲ. ನಿಮ್ಮ ಸಹಾಯ ಬೇಕು.

ಮೊದಲು ಹಿನ್ನೆಲೆ. 2018ರಲ್ಲಿ ಬಾಸ್ಟನ್ ಪಬ್ಲಿಕ್ ಲೈಬ್ರರಿಯವರು ತಮ್ಮಲ್ಲಿದ್ದ ಗುಲಾಮಗಿರಿ ವಿರೋಧಿಗಳ ಕೈಬರಹದ ಪತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟು, ಓದಿ ಟೈಪ್ ಮಾಡಿಕೊಡಿ ಅಂತ ಜನರನ್ನು ಕೇಳಿದ್ದರು. ಸುಮಾರು 12,000 ಪತ್ರ. ಮಗಳು ಮಲಗಿದ ಮೇಲೆ ದಿನಾ ಒಂದು ಪುಟ ಅಂತ ಶುರು ಮಾಡಿದೆ. ಮೊದಲ ವಾರ ತಲೆಬುಡ ಗೊತ್ತಾಗಲಿಲ್ಲ. ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಎಫ್ ಥರ ಉದ್ದಕ್ಕೆ ಎಳೆಯುತ್ತಿದ್ದರು. 'ಮಿಸ್' ಅನ್ನುವುದನ್ನು ನಾನು 'ಮಿಫ್ಸ್' ಅಂತ ಓದಿ, ಇದ್ಯಾವ ಊರು ಅಂತ ಮ್ಯಾಪಿನಲ್ಲಿ ಹುಡುಕಿದ್ದೆ! ಪುಟ ತುಂಬಿದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ಹೆಣೆದ ಹಾಗೆ. ಜಿಪುಣತನ ಅಲ್ಲ. 1845ರ ತನಕ ಅಂಚೆ ಖರ್ಚು ಹಾಳೆ ಲೆಕ್ಕದಲ್ಲಿತ್ತು. 400 ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟ್.

ಅದೆಲ್ಲ ಅಭ್ಯಾಸ ಆಯಿತು. ಈಗ ಆ ಕಾಲದ ಕೆಲವು ಪತ್ರಗಳನ್ನು ಕನ್ನಡಕ್ಕೆ ತರೋಣ ಅಂತ ಆಸೆ. ನಾನು ಸಿಕ್ಕಿಹಾಕಿಕೊಂಡಿರುವುದು ಮಾತ್ರ ಬಾಸ್ಟನ್ನಿನ ಪತ್ರದಲ್ಲಲ್ಲ. ನಮ್ಮ ಪಕ್ಕದ ಡರ್ಹಮ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್‌ರೆಡ್ ಅನ್ನುವವರ ಕಾಗದಪತ್ರಗಳಿವೆ. ಅದರಲ್ಲಿ 1857ರ ಆಗಸ್ಟ್ 29ರ ಒಂದು ಕಾಗದ. ಕಳಿಸಿದವಳು ವೈಲೆಟ್ ಲೆಸ್ಟರ್, ಜಾರ್ಜಿಯಾದ ಬುಲಕ್ ಕೌಂಟಿಯಿಂದ. ಮಾರಿಹೋದ ಹೆಂಗಸು. ತನ್ನ ಹಳೇ ಮನೆಯ ಒಡತಿ ಮಿಸ್ ಪ್ಯಾಟ್ಸಿಗೆ ಬರೆದದ್ದು.

ತಾನು ಹೇಗೆ ಕೈ ಬದಲಾದೆ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ರ್‍ಯಾಂಡಾಲ್ಫ್ ಬಿಟ್ಟೆ. ರಾಕಿಂಗ್‌ಹ್ಯಾಮ್‌ನಲ್ಲಿ ಐದು ವಾರ. ಮಾರುವುದಕ್ಕೆ ಅಂತ ರಿಚ್ಮಂಡಿಗೆ, ಅಲ್ಲಿ ಮೂರು ದಿನ. ಗ್ರೂವರ್ ಅನ್ನುವವನು ಕೊಂಡು ಜಾರ್ಜಿಯಾಕ್ಕೆ ತಂದ, ಒಂಬತ್ತು ತಿಂಗಳು ಇಟ್ಟುಕೊಂಡ. ಅವನು ರೈಮ್ಸ್‌ಗೆ ಮಾರಿದ, ರೈಮ್ಸ್ ಲೆಸ್ಟರ್‌ಗೆ ಮಾರಿದ. ಲೆಸ್ಟರ್ ಹತ್ತಿರ ನಾಲ್ಕು ವರ್ಷ ಆಯಿತು. ಆಮೇಲೆ ಅಮ್ಮನ ಮಾತು. ಆಮೇಲೆ, ಕಾಗದ ಮುಗಿಯುವ ಹೊತ್ತಿಗೆ, ಗೋಲ್ಡ್ಸ್‌ಬರೋದಲ್ಲಿ ಬಿಟ್ಟು ಬಂದ ಮಗಳ ಮಾತು.

ರ್‍ಯಾಂಡಾಲ್ಫ್ ಕೌಂಟಿ ಅಂದರೆ ನಾವು ಮಕ್ಕಳನ್ನು ಝೂಗೆ ಕರೆದುಕೊಂಡು ಹೋಗುವ ಜಾಗ. ಹೋದ ತಿಂಗಳೂ ಹೋಗಿದ್ದೆವು. ಜಿರಾಫೆಗೆ ಸೊಪ್ಪು ತಿನ್ನಿಸಿ, ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತಾಗ ಇದೆಲ್ಲ ತಲೆಗೆ ಬಂತು.

ನನ್ನ ಕಷ್ಟ ಇಷ್ಟೇ. ಕಾಗದದ ತುಂಬ ಕಾಗುಣಿತದ ತಪ್ಪು, ಪೂರ್ಣವಿರಾಮ ಅಪರೂಪ. 'ಪ್ರೆಷಸ್' ಅನ್ನುವುದಕ್ಕೆ 'ಪ್ರೆಸಸ್' ಅಂತಿದೆ. ಟೈಪ್ ಮಾಡುವಾಗ ಇದ್ದದ್ದು ಇದ್ದ ಹಾಗೇ ಅನ್ನುವ ನಿಯಮ ಇರುತ್ತೆ. ಅನುವಾದದಲ್ಲಿ? ತಪ್ಪುಗಳನ್ನೂ ಕನ್ನಡಕ್ಕೆ ತರಬೇಕಾ?

———

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ ತಾಯಿ. ಉತ್ತರ ಕೊಡುವ ಮೊದಲು ಒಂದು ಮಾತು. ಆ ಕಾಗದ ಎಲ್ಲಿ ಉಳಿಯಿತು ನೋಡಿ: ಬಿಳಿಯರ ಮನೆಯ ಪತ್ರಗಳ ನಡುವೆ. ವೈಲೆಟ್‌ಗೆ ಪೆಟ್ಟಿಗೆ ಎಲ್ಲಿಂದ ಬರಬೇಕು? ಅವಳ ಅಮ್ಮನಿಗೂ ಇರಲಿಲ್ಲ. ಗುಲಾಮರ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಹೀಗೆ ಬೇರೆಯವರ ಅಟ್ಟದಿಂದ ಇಳಿದದ್ದು.

ಸರ್ಕಾರದ ಕಾಗದದ ಕಥೆ ಇನ್ನೂ ಕೆಟ್ಟದ್ದು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಮಾಲೀಕನ ಹೆಸರು ಬರೆದು ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಅವರ ಹೆಸರಿಲ್ಲ. 1860ರಲ್ಲಿ ಅಂಥವರು 39,53,760 ಜನ. 1870ರ ಗಣತಿಯಲ್ಲೇ ಇವರೆಲ್ಲರ ಹೆಸರು ಮೊದಲ ಸಲ ಬಂದದ್ದು. ಇವತ್ತು ಕಪ್ಪು ಅಮೆರಿಕನ್ನರು ತಮ್ಮ ವಂಶ ಹುಡುಕುತ್ತಾ ಹೋದರೆ 1870ಕ್ಕೆ ಬಂದು ಗೋಡೆಗೆ ಹಣೆ ಬಡಿಯುತ್ತದೆ. ಅದರಾಚೆ ಹೋಗಬೇಕೆಂದರೆ ಮಾಲೀಕನ ಮನೆಯ ಉಯಿಲು, ಸಾಲಪತ್ರ, ಬಟ್ಟೆ ಹಂಚಿದ ಲೆಕ್ಕವನ್ನೇ ನೋಡಬೇಕು.

(ಅಂದ ಹಾಗೆ, 'ಕಡತ' ಅಂದರೆ ಇವತ್ತು ನಮಗೆ ಆಫೀಸಿನ ಫೈಲು. ಹಿಂದೆ ಅದು ಬಟ್ಟೆಗೆ ಹುಣಿಸೆಬೀಜದ ಗಂಜಿ, ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಸುಮ್ನೆ ನೆನಪಾಯಿತು.)

———

ಹುಬ್ಬಳ್ಳಿ ಹುಡುಗ

ಆ ಕಾಗದ ನಾನೂ ಓದಿದೆ. ನನಗೆ ಒಂದು ಸಂಶಯ ಐತ್ರಿ. ತನ್ನನ್ನು ಕೊಂಡವನನ್ನೇ 'ವಿವೇಕ, ಕರುಣೆ ಇರುವ ಮನುಷ್ಯ' ಅಂತಾಳೆ. ಹಳೇ ಒಡತಿಯನ್ನು ನೋಡಬೇಕು, ದೊಡ್ಡ ಧಣಿಯನ್ನು ನೋಡಬೇಕು ಅಂತಾಳೆ. ಹಳೇ ಮನೆಯ ಮಿಸ್ ರಾಹೊಲ್, ಅಮ್ಮ ಇಬ್ಬರಲ್ಲಿ ಯಾರನ್ನು ಜಾಸ್ತಿ ನೋಡಬೇಕೋ ಗೊತ್ತಿಲ್ಲ ಅಂತಾಳೆ! ಇಂಥದ್ದನ್ನು ತೋರಿಸಿ 'ನೋಡಿ, ಗುಲಾಮರು ಸುಖವಾಗಿದ್ದರು' ಅನ್ನುವ ಜನ ಈಗಲೂ ಇದ್ದಾರೆ. ಇದನ್ನೇ ಯಾಕೆ ಕನ್ನಡಕ್ಕೆ ತರಬೇಕು?

———

ಕಾಗದಪ್ರಿಯೆ

> ಇದನ್ನೇ ಯಾಕೆ ಕನ್ನಡಕ್ಕೆ ತರಬೇಕು?

ಆ ಸಾಲಿನ ಮುಂದೇನಿದೆ ನೋಡಿ. ಈಗಿನ ಧಣಿ ಲೆಸ್ಟರ್ ಕೇಳಿದ್ದಾರೆ, ಅವಳ ಮಗಳನ್ನು ಇಟ್ಟುಕೊಂಡ ವಾಕರ್ ಆ ಹುಡುಗಿಯನ್ನು ಮಾರುತ್ತಾನಾ, ಕಡಿಮೆ ಅಂದರೆ ಎಷ್ಟಕ್ಕೆ, ಬೇಗ ಉತ್ತರ ಬೇಕಂತೆ. ಅವನು ಕರುಣಾಳು ಅಂತ ಬರೆದದ್ದು ಯಾತಕ್ಕೆ ಅಂದರೆ ಅವನು ಮಗಳನ್ನು ಕೊಳ್ಳಬೇಕು. ಹಳೇ ಮನೆಯವರನ್ನು ಹೊಗಳಿದ್ದು ಯಾತಕ್ಕೆ ಅಂದರೆ ಅವರು ಮಗಳನ್ನು ಹುಡುಕಬೇಕು. ಎರಡು ಮನೆಯ ಕಣ್ಣಿಗೆ ಬೀಳುವ ಕಾಗದ ಇದು. ಸ್ವಂತ ಕೈಯಲ್ಲೇ ಬರೆದಳೋ ಬೇರೆಯವರ ಕೈಯಲ್ಲಿ ಬರೆಸಿದಳೋ, ಒಂದು ಪದ ಹೆಚ್ಚುಕಮ್ಮಿ ಆದರೂ ಕೆಲಸ ಕೆಡುತ್ತಿತ್ತು. ಹಾಗಂತ ಪ್ರೀತಿಯೆಲ್ಲ ನಾಟಕ ಅಂತಲೂ ನಾನು ಹೇಳಲಾರೆ. ಮಿಸ್ ಪ್ಯಾಟ್ಸಿ ಜೊತೆ ಚಿಕ್ಕವಳಿದ್ದಾಗ ಆಡಿದವಳು ಅವಳು.

———

ರಾಚೆಸ್ಟರ್ ಕನ್ನಡಿಗ

ಕಾಗದ ಅಂದರೆ ಮನಸ್ಸಿನ ಕನ್ನಡಿ ಅಂತ ನಂಬುವವರಿಗೆ ನಮ್ಮೂರಿನ ಒಂದು ಕಥೆ ಹೇಳುತ್ತೇನೆ.

ಹ್ಯಾರಿಯೆಟ್ ಜೇಕಬ್ಸ್. ನಾರ್ತ್ ಕ್ಯಾರೊಲೈನಾದ ಈಡೆಂಟನ್‌ನವಳು. ಒಡೆಯ ಡಾಕ್ಟರ್ ನಾರ್ಕಮ್‌ನ ಕಾಟ ತಾಳಲಾರದೆ 1835ರಲ್ಲಿ ತಪ್ಪಿಸಿಕೊಂಡಳು. ಅವನು 100 ಡಾಲರ್ ಬಹುಮಾನ ಅಂತ ಪೇಪರಿನಲ್ಲಿ ಹಾಕಿಸಿದ. ಅವಳು ಇದ್ದದ್ದು ಅದೇ ಊರಲ್ಲಿ, ಅಜ್ಜಿ ಮನೆಯ ಸೂರಿನ ಕೆಳಗಿನ ಅಟ್ಟದಲ್ಲಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಜಾಸ್ತಿ ಅಂದರೆ ಮೂರು ಅಡಿ. ಏಳು ವರ್ಷಕ್ಕೆ ಸ್ವಲ್ಪ ಕಮ್ಮಿ ಅಲ್ಲೇ. ಅಲ್ಲಿ ಮುದುರಿಕೊಂಡು ಒಡೆಯನಿಗೆ ಕಾಗದ ಬರೆದಳು. ಗೊತ್ತಿರುವವರ ಕೈಯಲ್ಲಿ ಕಳಿಸಿ ನ್ಯೂಯಾರ್ಕಿನ ಅಂಚೆಗೆ ಹಾಕಿಸಿದಳು. ನ್ಯೂಯಾರ್ಕಿನ ಮೊಹರು ನೋಡಿ ಡಾಕ್ಟರ್ ಉತ್ತರಕ್ಕೆ ಹುಡುಕುತ್ತಿದ್ದ. ಅವಳು ಅವನ ತಲೆಯ ಮೇಲೇ ಇದ್ದ ಹಾಗೆ.

1861ರಲ್ಲಿ ಅವಳು ಬೇರೆ ಹೆಸರಿಟ್ಟುಕೊಂಡು ಆತ್ಮಕಥೆ ಪ್ರಕಟಿಸಿದಳು. ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ ಎಷ್ಟೋ ವಿದ್ವಾಂಸರು ಅದನ್ನು ಕಟ್ಟುಕಥೆ ಅಂದರು, ಸಂಪಾದಿಸಿದ ಬಿಳಿ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಬರೆದದ್ದು ಅಂದರು. ಅದು ಜೇಕಬ್ಸ್ ಬರೆದದ್ದೇ ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟವರು ಜೀನ್ ಫೇಗನ್ ಯೆಲಿನ್. ಮುಖ್ಯ ಸಾಕ್ಷಿ ಎಲ್ಲಿತ್ತು ಅಂತೀರಿ? ಇಲ್ಲೇ, ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿರುವ ಪೋಸ್ಟ್ ಮನೆತನದ ಪತ್ರಗಳಲ್ಲಿ. ಐಸಾಕ್, ಏಮಿ ಪೋಸ್ಟ್ ದಂಪತಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದಿಂದ ಬಂದವರು, ಗುಲಾಮಗಿರಿ ವಿರೋಧಿಗಳು. ಜೇಕಬ್ಸ್ ಏಮಿಗೆ ಬರೆದ ಕಾಗದಗಳಲ್ಲಿ ಪುಸ್ತಕ ಬರೆಯುವ ಸಂಕಟವೆಲ್ಲ ಇದೆ. ಏಮಿ ಅವನ್ನು ಬಿಸಾಡಲಿಲ್ಲ, ಅಷ್ಟೇ.

———

ತುಂಗಾತೀರ

ಮಾರಿಹೋದವಳ ಕಾಗದ ಆಯಿತು, ಬಿಡುಗಡೆಯಾದವನದ್ದೂ ಒಂದು ಇರಲಿ. ಜಾರ್ಡನ್ ಆ್ಯಂಡರ್ಸನ್, 1865ರ ಆಗಸ್ಟ್ 7, ಒಹಾಯೋದ ಡೇಟನ್‌ನಿಂದ. ಟೆನೆಸಿಯ ಹಳೇ ಧಣಿ, ವಾಪಸ್ ಕೆಲಸಕ್ಕೆ ಬಾ ಅಂತ ಬರೆದಿದ್ದ. ಅದಕ್ಕೆ ಇವನು ಹೇಳಿ ಬರೆಸಿದ ಉತ್ತರ ಪೇಪರುಗಳಲ್ಲೇ ಅಚ್ಚಾಯಿತು.

ಬರುತ್ತೇವೆ, ಆದರೆ ನಿಮ್ಮ ಪ್ರಾಮಾಣಿಕತೆ ಮೊದಲು ನೋಡಬೇಕು, ಹಳೇ ಸಂಬಳ ಕಳಿಸಿ ಅಂತಾನೆ. ನಾನು 32 ವರ್ಷ ದುಡಿದೆ, ತಿಂಗಳಿಗೆ 25 ಡಾಲರ್. ಹೆಂಡತಿ ಮ್ಯಾಂಡಿ 20 ವರ್ಷ, ವಾರಕ್ಕೆ 2 ಡಾಲರ್. ಒಟ್ಟು 11,680 ಡಾಲರ್. ನಾನು ಕೂಡಿಸಿ ನೋಡಿದೆ: 9,600, 2,080. ಒಂದು ಡಾಲರ್ ಆಚೆ ಈಚೆ ಇಲ್ಲ! ಅದಕ್ಕೆ ಬಡ್ಡಿ ಸೇರಿಸಿ, ಬಟ್ಟೆ ಕೊಟ್ಟದ್ದು, ನನಗೆ ಮೂರು ಸಲ ಡಾಕ್ಟರ್ ಬಂದದ್ದು, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದು ಮುರಿದುಕೊಳ್ಳಿ ಅಂತಾನೆ. ಆ ಹಲ್ಲು ಓದಿ ನಾನು ಎದ್ದು ಓಡಾಡಿದೆ. ಕೊನೆಗೆ, ನೀವು ನನ್ನ ಮೇಲೆ ಗುಂಡು ಹಾರಿಸುತ್ತಿದ್ದಾಗ ಪಿಸ್ತೂಲು ಕಿತ್ತುಕೊಂಡ ಜಾರ್ಜ್ ಕಾರ್ಟರ್‌ಗೆ ನಮಸ್ಕಾರ ಹೇಳಿ ಅಂತ ಮುಗಿಸುತ್ತಾನೆ.

ಹುಬ್ಬಳ್ಳಿಯವರೇ, ವೈಲೆಟ್ ಕಾಗದದ ಪಕ್ಕ ಇದನ್ನಿಟ್ಟು ಓದಿ. ಎಂಟೇ ವರ್ಷದ ಅಂತರ. ಆದರೆ ಇವನ ಕಾಗದ ಓದಿ ಯಾರೂ ಇವನನ್ನು ಮಾರುವ ಹಾಗಿರಲಿಲ್ಲ.

———

ಹುಬ್ಬಳ್ಳಿ ಹುಡುಗ

ಒಪ್ಪಿದೆ. ವೈಲೆಟ್ ಬಗ್ಗೆ ಅವಸರದಲ್ಲಿ ಮಾತಾಡಿದೆ.

ನಮ್ಮ ಕಡೆಯ ಒಂದು ಎಳೆ ಹೇಳ್ತೀನಿ. 1839ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಶುರುವಾಯಿತು. ಗುಲಾಮಗಿರಿ ವಿರುದ್ಧ ಭಾಷಣ ಮಾಡುತ್ತಿದ್ದ ಜಾರ್ಜ್ ಥಾಂಪ್ಸನ್ ಅದರಲ್ಲಿದ್ದ. ಅವರ ಒಂದು ಲೆಕ್ಕಾಚಾರ: ಇಂಡಿಯಾದಲ್ಲಿ ಗುಲಾಮರಿಲ್ಲದೆ ಹತ್ತಿ ಬೆಳೆದರೆ ಅಮೆರಿಕದ ಗುಲಾಮರ ಹತ್ತಿ ಯಾರೂ ಕೇಳೋದಿಲ್ಲ. ಅದೇ ಹೊತ್ತಿಗೆ, 1840ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ಬೇರೆ ಕಡೆ ಸರಿಯಾಗಿ ಏಳದ ನ್ಯೂ ಆರ್ಲಿಯನ್ಸ್ ತಳಿ ಧಾರವಾಡದ ಎರೆಭೂಮಿಯಲ್ಲಿ ನಿಂತಿತು. ಪೇಟೆಯಲ್ಲಿ 'ಧಾರವಾಡ್ ಅಮೆರಿಕನ್' ಅಂತಲೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ಬೆಲೆ ಆಕಾಶಕ್ಕೆ ಹೋಯಿತು. 1865ರಲ್ಲಿ ಯುದ್ಧ ಮುಗಿದಾಗ ದಪ್ಪಂತ ಬಿತ್ತು. ಜಾರ್ಡನ್ ಆ ಕಾಗದ ಬರೆಸಿದ ವರ್ಷವೇ.

ವಿಚಾರ ಒಳ್ಳೆಯದೇ. ಆದರೆ ಕಂಪನಿಗೆ ಕಂದಾಯ ಕಟ್ಟುತ್ತಿದ್ದ ನಮ್ಮ ರೈತ ಎಷ್ಟು ಸ್ವತಂತ್ರ ಇದ್ದ, ಅದನ್ನೂ ಕೇಳಬೇಕಲ್ರಿ.

———

ನಿವೃತ್ತ ಮೇಷ್ಟ್ರು

ಹತ್ತಿಯ ಮಾತು ಬಂತು, ಸಕ್ಕರೆಯದ್ದೂ ಹೇಳುತ್ತೇನೆ. ಗುಲಾಮರು ಬೆಳೆದ ಸಕ್ಕರೆ ಮುಟ್ಟಲ್ಲ, ಗುಲಾಮರ ಹತ್ತಿ ಉಡಲ್ಲ ಅಂತ ವ್ರತ ಹಿಡಿದವರಿದ್ದರು. 1838ರ ಮೇ 14ರಂದು ಫಿಲಡೆಲ್ಫಿಯಾದಲ್ಲಿ ಅಂಥ ಇಬ್ಬರು ಗುಲಾಮಗಿರಿ ವಿರೋಧಿಗಳ, ಆ್ಯಂಜಲೀನಾ ಗ್ರಿಮ್ಕೆ, ಥಿಯೊಡೋರ್ ವೆಲ್ಡ್ ಮದುವೆ ಆಯಿತು. ಕೇಕು ಮಾಡಿದವನು ಕಪ್ಪು ಮಿಠಾಯಿಗಾರ, ಹಾಕಿದ್ದು ಗುಲಾಮರ ಕೈ ತಾಗದ ಸಕ್ಕರೆ. ಹಿಂದೆ ಗ್ರಿಮ್ಕೆ ಮನೆಯಲ್ಲಿ ಗುಲಾಮರಾಗಿದ್ದವರೂ ಅತಿಥಿಗಳಲ್ಲಿದ್ದರು. ಎರಡು ದಿನ ಬಿಟ್ಟು ಅವಳು ಹೊಸದಾಗಿ ಕಟ್ಟಿದ ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಭಾಷಣ ಮಾಡುವಾಗ ಕಿಟಕಿಗೆ ಕಲ್ಲು ಬಿದ್ದವು. ಮರುದಿನ ರಾತ್ರಿ ಗುಂಪು ಇಡೀ ಕಟ್ಟಡಕ್ಕೆ ಬೆಂಕಿ ಇಟ್ಟಿತು.

ಆ್ಯಂಜಲೀನಾ, ಅವಳ ಅಕ್ಕ ಸಾರಾ ಇಬ್ಬರೂ ಚಾರ್ಲ್ಸ್‌ಟನ್‌ನ ದೊಡ್ಡ ಗುಲಾಮ ಮಾಲೀಕರ ಮನೆಯ ಹೆಣ್ಣುಮಕ್ಕಳು. ಸಾರಾ ಚಿಕ್ಕವಳಿದ್ದಾಗ ತನ್ನ ಸೇವೆಗಿದ್ದ ಹುಡುಗಿಗೆ ಓದು ಕಲಿಸಿದ್ದಳು. ದೀಪ ಆರಿಸಿ, ಬೀಗದ ಕಿಂಡಿ ಮುಚ್ಚಿ, ಒಲೆಯ ಬೆಳಕಿನಲ್ಲಿ ಬೋರಲು ಮಲಗಿ. ಮುಂದೆ ಇಬ್ಬರೂ ಊರು ಬಿಟ್ಟರು. 1836ರಲ್ಲಿ ಆ್ಯಂಜಲೀನಾ ದಕ್ಷಿಣದ ಹೆಂಗಸರಿಗೆ ಬರೆದ ಮನವಿಯ ಪ್ರತಿಗಳನ್ನು ಚಾರ್ಲ್ಸ್‌ಟನ್‌ನಲ್ಲಿ ಸುಟ್ಟರು. ಮದುವೆ ಆದ ಮೇಲೆ ಮೂವರೂ ಕೂತು ದಕ್ಷಿಣದ ಪತ್ರಿಕೆಗಳನ್ನು ರಾಶಿಗಟ್ಟಲೆ ತರಿಸಿಕೊಂಡು ಓದಿದರು. ಓಡಿಹೋದ ಗುಲಾಮರ ಜಾಹೀರಾತು ಕತ್ತರಿಸಿ ಇಟ್ಟರು. ಬೆನ್ನ ಮೇಲೆ ಚಾಟಿಯ ಗುರುತು, ಕೆನ್ನೆಗೆ ಬರೆ, ಕಿವಿ ಕತ್ತರಿಸಿದೆ. ಎಲ್ಲ ಮಾಲೀಕರೇ ಸಹಿ ಹಾಕಿ ಅಚ್ಚು ಹಾಕಿಸಿದ್ದು. ಅದನ್ನೇ 1839ರಲ್ಲಿ ಪುಸ್ತಕ ಮಾಡಿ ಅವರ ಮುಂದಿಟ್ಟರು. ಈ ಮನೆಯವರ ಪತ್ರಗಳು ಈಗ ಆ್ಯನ್ ಆರ್ಬರ್‌ನ ಕ್ಲೆಮೆಂಟ್ಸ್ ಲೈಬ್ರರಿಯಲ್ಲಿವೆ.

———

ತುಂಗಾತೀರ

ಮೇಷ್ಟ್ರೇ, ಆಮೇಲೆ ತಂಗಿಯ ಮಕ್ಕಳು ಸಿಕ್ಕಿದರಲ್ಲ, ಅದನ್ನೂ ಹೇಳಿ.

———

ನಿವೃತ್ತ ಮೇಷ್ಟ್ರು

ತಂಗಿಯ ಮಕ್ಕಳಲ್ಲ, ಆ್ಯಂಜಲೀನಾಳ ಅಣ್ಣಂದಿರ ಪೈಕಿ ಒಬ್ಬನ ಮಕ್ಕಳು ಅನ್ನೋಣ. ಅಲ್ಲೇ ಇರುವುದು ಕಥೆ.

1868. ಆ್ಯಂಜಲೀನಾ ಆಗ ಬಾಸ್ಟನ್ ಹತ್ತಿರದ ಹೈಡ್ ಪಾರ್ಕಿನಲ್ಲಿದ್ದಾಳೆ. ಪೇಪರು ಓದುವಾಗ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಒಬ್ಬ ಕಪ್ಪು ವಿದ್ಯಾರ್ಥಿಯ ಹೆಸರು ಕಣ್ಣಿಗೆ ಬೀಳುತ್ತದೆ: ಗ್ರಿಮ್ಕೆ. ಬೇರೆಲ್ಲೂ ಕೇಳದ ಹೆಸರು. ನೀನು ನನ್ನ ಅಣ್ಣಂದಿರಲ್ಲಿ ಯಾರ ಬಳಿಯಾದರೂ ಗುಲಾಮನಾಗಿದ್ದೆಯಾ ಅಂತ ಕಾಗದ ಬರೆಯುತ್ತಾಳೆ. ಆರ್ಚಿಬಾಲ್ಡ್ ಅನ್ನುವ ಹುಡುಗನಿಂದ ಉತ್ತರ ಬರುತ್ತದೆ. ಗುಲಾಮ ಮಾತ್ರ ಅಲ್ಲ, ನಿಮ್ಮ ಅಣ್ಣ ಹೆನ್ರಿಯ ಮಗ ನಾನು. ತಾಯಿ ನ್ಯಾನ್ಸಿ ವೆಸ್ಟನ್. ನಾವು ಮೂವರು ಗಂಡುಮಕ್ಕಳು. ಹೆನ್ರಿ ತೀರಿಕೊಂಡ ಮೇಲೆ ಅವನ ಬಿಳಿ ಹೆಂಡತಿಯ ಮಗ ಮಾಂಟೇಗ್ ಇವರನ್ನೇ, ಅಂದರೆ ಸ್ವಂತ ತಂದೆಯ ಮಕ್ಕಳನ್ನೇ, ಗುಲಾಮರಾಗಿ ಇಟ್ಟುಕೊಂಡ. ಒಬ್ಬನನ್ನು, ಫ್ರಾನ್ಸಿಸನನ್ನು, ಮಾರಿಯೂ ಬಿಟ್ಟ.

ಅತ್ತೆಯರು ಇವರನ್ನು ಒಪ್ಪಿಕೊಂಡರು, ಓದಿಗೆ ದುಡ್ಡು ಕೊಟ್ಟರು. ಆರ್ಚಿಬಾಲ್ಡ್ ಹಾರ್ವರ್ಡ್‌ನಲ್ಲಿ ಕಾನೂನು ಓದಿದ, ಫ್ರಾನ್ಸಿಸ್ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ. ಆರ್ಚಿಬಾಲ್ಡ್ ಪತ್ರಗಳು ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಒಂದೇ ಮನೆತನ, ಎರಡು ಊರಿನ ಎರಡು ಲೈಬ್ರರಿ. ಬಿಳಿ ಗ್ರಿಮ್ಕೆಗಳು ಮಿಶಿಗನ್ನಿನಲ್ಲಿ, ಕಪ್ಪು ಗ್ರಿಮ್ಕೆಗಳು ಹೊವರ್ಡ್‌ನಲ್ಲಿ. ಅಕ್ಕತಂಗಿಯರನ್ನು ದೇವತೆಗಳು ಮಾಡಬೇಡಿ. ಸತ್ಯ ಹೇಳುವುದಕ್ಕೆ ಹೆಸರಾದ ಈ ಮನೆಗೆ ಸ್ವಂತ ಅಣ್ಣನ ಮಕ್ಕಳು ಇದ್ದಾರೆಂದು ಪೇಪರಿನಿಂದ ತಿಳಿಯಬೇಕಾಯಿತು.

———

ರಾಚೆಸ್ಟರ್ ಕನ್ನಡಿಗ

ಕಪ್ಪು ಜನ ತಾವೇ ಇಟ್ಟ ಕಡತ ಇರಲಿಲ್ಲ ಅಂತ ಅನ್ನಿಸಬಾರದು. ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಸಂಘದ ಆಫೀಸಿನಲ್ಲಿದ್ದ ವಿಲಿಯಂ ಸ್ಟಿಲ್ ದಕ್ಷಿಣದಿಂದ ಓಡಿಬಂದವರನ್ನೆಲ್ಲ ಕೂರಿಸಿ ಕೇಳಿ ಬರೆದುಕೊಳ್ಳುತ್ತಿದ್ದ. ಹಳೇ ಹೆಸರು, ಹೊಸ ಹೆಸರು, ಬಿಟ್ಟುಬಂದವರು ಯಾರು. 1850ರಲ್ಲಿ ಅಲಬಾಮಾದಿಂದ ಪೀಟರ್ ಅನ್ನುವವನು ಆಫೀಸಿಗೆ ಬಂದ. ದುಡ್ಡು ಕೊಟ್ಟು ಬಿಡುಗಡೆ ಪಡೆದು, ಚಿಕ್ಕಂದಿನಲ್ಲಿ ಅಗಲಿದ ಅಪ್ಪ ಅಮ್ಮನನ್ನು ಹುಡುಕುತ್ತಿದ್ದ. ಹೆಸರು ಕೇಳಿದರೆ ಲೆವಿನ್, ಸಿಡ್ನಿ ಅಂದ. ಸ್ಟಿಲ್‌ಗೆ ಕೈ ನಡುಗಿರಬೇಕು. ಅದು ಅವನ ಅಪ್ಪ ಅಮ್ಮನ ಹೆಸರು! ಎದುರು ಕೂತವನು ತಾನು ಹುಟ್ಟುವ ಮೊದಲೇ ಕಳೆದುಹೋದ ಅಣ್ಣ. ಇಂಥ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ ಅಂತ ಅಲ್ಲಿಂದ ಮುಂದೆ ಇನ್ನಷ್ಟು ಜೋಪಾನವಾಗಿ ಬರೆದಿಟ್ಟ. ಸಿಕ್ಕಿಬಿದ್ದರೆ ಎಲ್ಲರಿಗೂ ಅಪಾಯ ಅಂತ ಆ ಕಾಗದಗಳನ್ನು ಸ್ಮಶಾನದ ಕಟ್ಟಡವೊಂದರಲ್ಲಿ ಬಚ್ಚಿಟ್ಟಿದ್ದನಂತೆ. 1872ರಲ್ಲಿ ಪುಸ್ತಕ ಆಯಿತು.

———

ಕಡಲತಡಿ (ಕುಂದಾಪುರ)

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಮ್ಮ ಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ಮೂಲದಾಳುಗಳ (ತಲೆತಲಾಂತರದಿಂದ ಮನೆಗೆ ಕಟ್ಟುಬಿದ್ದ ಆಳುಗಳು) ಪಟ್ಟಿ ಇದೆ. ಬರೀ ಹೆಸರು, ಎದುರಿಗೆ ಎಷ್ಟು ಸೇರು ಅಕ್ಕಿ. ಅಪ್ಪಯ್ಯ ಅದನ್ನು ಯಾರಿಗೂ ತೋರಿಸಬೇಡ ಅನ್ನುತ್ತಾರೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಸರ್ವೆ ಮಾಡುತ್ತಿದ್ದ ಬುಕನನ್ ನಮ್ಮ ಜಿಲ್ಲೆಗೆ ಬಂದಾಗ ಆಳುಗಳನ್ನು ಮಾರುವ ಬೆಲೆ ಬರೆದಿಟ್ಟದ್ದು ಓದಿದ್ದೇನೆ. ಅಮೆರಿಕದ್ದೂ ನಮ್ಮದೂ ಒಂದೇ ಅಂತ ಹೇಳುತ್ತಿಲ್ಲ. ಏನು ಮಾಡಲಿ ಅಂತ ಗೊತ್ತಾಗುತ್ತಿಲ್ಲ.

———

ನಿವೃತ್ತ ಮೇಷ್ಟ್ರು

ಮೊದಲು ಗೆದ್ದಲು ಹತ್ತದ ಜಾಗದಲ್ಲಿ ಇಡಿ. ಪುಟಪುಟದ ಫೋಟೋ ತೆಗೆಯಿರಿ. ಅದಕ್ಕೆ ಬೇರೆಯೇ ಚರ್ಚೆ ತೆರೆಯೋಣ, ಇಲ್ಲಿ ಸೇರಿಸಿದರೆ ಎರಡಕ್ಕೂ ಅನ್ಯಾಯ. ಅಪ್ಪಯ್ಯನವರ ಜೊತೆ ನಾನು ಬೇಕಾದರೆ ಮಾತಾಡುತ್ತೇನೆ.

ಈಗ ಕಾಗದಪ್ರಿಯೆಯವರ ಪ್ರಶ್ನೆಗೆ. ತಪ್ಪು ಕಾಗುಣಿತ ಬೇಡ. ಕನ್ನಡದಲ್ಲಿ ಹಕಾರ ಅಕಾರ ಅದಲುಬದಲು ಮಾಡಿದರೆ ಓದುವವನು ನಗುತ್ತಾನೆ. ಸಿನಿಮಾದ ಹಾಸ್ಯದವನ ನೆನಪಾಗುತ್ತದೆ. ವ್ಯಾಕರಣ ಬಿಡಿ, ಉಸಿರು ತನ್ನಿ. ಪೂರ್ಣವಿರಾಮ ಹಾಕಬೇಡಿ.

———

ತುಂಗಾತೀರ

'ಗುಲಾಮ' ಅನ್ನುವ ಪದವೂ ಬೇಡ. ಆ ಕಾಗದದಲ್ಲಿ 'ಸ್ಲೇವ್' ಅನ್ನುವುದು ಒಂದು ಸಲವೂ ಇಲ್ಲ, ಗಮನಿಸಿದಿರಾ? 'ಸರ್ವೆಂಟ್' ಅಂತಿದೆ. ಆಳು ಅನ್ನಿ. 'ಬಾಸ್' ಅಂದರೆ ಧಣಿ. ನಮ್ಮಲ್ಲಿ ಪದಕ್ಕೆ ಬರವಿಲ್ಲ.

———

ಕಾಗದಪ್ರಿಯೆ

ನಿನ್ನೆ ರಾತ್ರಿ ಕೂತು ಮಾಡಿದೆ. ಕೊನೆಯ ಭಾಗ ಹೀಗೆ ಬಂತು, ನೋಡಿ ಹೇಳಿ:

"ನನ್ ಮುದ್ದು ಮಗು ಏನಾದ್ಲು ಅಂತ ತಿಳೀಬೇಕು ಗೋಲ್ಡ್ಸ್‌ಬರೋದಲ್ಲಿ ವಾಕರ್ ಅವ್ರ ಹತ್ರ ಬಿಟ್ಟು ಬಂದೆ ಆವತ್ತಿಂದ ಒಂದು ಸುದ್ದಿ ಇಲ್ಲ ರಾಕಿಂಗ್‌ಹ್ಯಾಮಿಗೆ ಕರ್ಕೊಂಡು ಹೋಗಿ ತಂಗಿಗೆ ಕೊಡ್ತೀನಿ ಅಂದಿದ್ರು ಕೊಟ್ರೋ ಇಲ್ವೋ ಅವಳ್ನ ನೋಡ್ಬೇಕು ತುಂಬ ನೋಡ್ಬೇಕು"

ಸಹಿ ಮಾಡುವ ಜಾಗದಲ್ಲಿ: "ನಿಮ್ ಜೊತೆ ಆಡಿದೋಳು ಸಾಯೋ ತನಕ ನಿಮ್ ಆಳು ವೈಲೆಟ್".

———

ಕಡಲತಡಿ

ಚೆನ್ನಾಗಿದೆ. ಒಂದೇ ಅನುಮಾನ. ವಾಕರ್ ಮಗುವನ್ನು ಕೊಡುತ್ತೇನೆ ಅಂದದ್ದು ತಂಗಿಗೆ ಅಂತ ಹೇಗೆ ಗೊತ್ತು? ಅಕ್ಕ ಇರಬಹುದಲ್ಲ?

———

ಕಾಗದಪ್ರಿಯೆ

ಅಯ್ಯೋ ಹೌದಲ್ಲ. ಇಂಗ್ಲಿಷಿನಲ್ಲಿ ಬರೀ 'ಸಿಸ್ಟರ್'. ನನಗೆ ಗೊತ್ತಿಲ್ಲದೆ ಕೈ ತಂಗಿ ಅಂತ ಬರೆದುಬಿಟ್ಟಿದೆ. 'ಸೋದರಿ' ಹಾಕಿದರೆ ಅವಳ ಬಾಯಲ್ಲಿ ನಿಲ್ಲಲ್ಲ.

———

ಹುಬ್ಬಳ್ಳಿ ಹುಡುಗ

'ಒಡಹುಟ್ಟಿದಾಕಿ' ಅನ್ನಿರಿ. ನಮ್ಮವ್ವ ಹಂಗೇ ಅಂತಾಳೆ.

———

ಕಾಗದಪ್ರಿಯೆ

ಹಾಕಿದೆ. ನಮ್ಮ ಕಡೆಯ ಮಾತಿಗೆ 'ಒಡಹುಟ್ಟಿದೋಳಿಗೆ ಕೊಡ್ತೀನಿ ಅಂದಿದ್ರು' ಅಂತ ಮಾಡಿಕೊಂಡೆ. ಅಮ್ಮನ ಸಾಲು ಇನ್ನೂ ಬಾಕಿ ಇದೆ, ಈ ಶನಿವಾರ ಹಾಕುತ್ತೇನೆ.